ನೀರುಗಂಟಿಯ ಟವಲ್ಲು: ಕ್ಲೋರಿನ್ ಕಥೆಯಲ್ಲಿ ಬಿಟ್ಟುಹೋದ ಮನುಷ್ಯ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ, ಮಾರಿಕುಪ್ಪಂ ಟ್ರೈನಲ್ಲೋ ಕೂತಿದ್ದೀರಿ ಅಂದ್ಕೊಳ್ತೀನಿ. ಕೈಯಲ್ಲಿ ನೀರಿನ ಬಾಟಲಿ ಇದ್ದರೆ ಒಂದು ಗುಟುಕು ಕುಡೀರಿ. ಇವತ್ತಿನ ಮಾತು ಅದರ ಬಗ್ಗೆಯೇ.

ನಾನು ಬೂದಿಕೋಟೆ ಕಡೆಯವನು. ಊರ ಹೆಸರು ಹೇಳಿದ ತಕ್ಷಣ ಹೊರಗಿನವರು ಕೇಳೋದು ಒಂದೇ ಪ್ರಶ್ನೆ: ಅದು ಹೈದರ್ ಅಲಿ ಹುಟ್ಟಿದ ಊರಲ್ವಾ? ಹೌದು, ಅದೇ. ಇನ್ನೊಂದು ಸಂಗತಿ ಕೆಲವರಿಗೆ ಗೊತ್ತಿರತ್ತೆ. ಪಾಡ್‌ಕಾಸ್ಟ್ ಅನ್ನೋ ಪದ ನಮ್ಮ ಕಿವಿಗೆ ಬೀಳೋ ಮುಂಚೆಯೇ ಇಲ್ಲಿ ‘ನಮ್ಮ ಧ್ವನಿ’ ಅಂತ ಹಳ್ಳಿಯವರದೇ ರೇಡಿಯೊ ಇತ್ತು. ಗಾಳಿಯಲ್ಲಿ ಪ್ರಸಾರ ಮಾಡೋಕೆ ಸಮುದಾಯಗಳಿಗೆ ಲೈಸೆನ್ಸ್ ಇಲ್ಲದ ಕಾಲ ಅದು, ಹಾಗಾಗಿ ಟಿವಿ ಕೇಬಲ್ ಮೂಲಕವೇ ಮನೆಗಳಿಗೆ ಧ್ವನಿ ತಲುಪಿಸ್ತಿದ್ರು. ಅಂದರೆ ಈ ಊರಲ್ಲಿ ಮೈಕ್ ಮುಂದೆ ಕೂತು ಮಾತಾಡ್ತಿರೋದು ನಾನೇ ಮೊದಲಲ್ಲ.

ಇವತ್ತು ಹೈದರನ ಕಥೆ ಬೇಡ. ನೀರುಗಂಟಿಯ ಕಥೆ ಹೇಳ್ತೀನಿ.

ನಾನು ಆರನೇ ಕ್ಲಾಸಲ್ಲಿದ್ದಾಗ ನಮ್ಮ ಹಳ್ಳಿಗೆ ನೀರು ಬಿಡ್ತಿದ್ದವರು ನಮ್ಮ ಬೀದಿಯವರೇ. ನಾನು ಮಾವ ಅಂತಿದ್ದೆ. ಅವರ ಹಿಂದೆಯೇ ಓವರ್‌ಹೆಡ್ ಟ್ಯಾಂಕಿನ ಕಬ್ಬಿಣದ ಏಣಿ ಹತ್ತೋದು ನಮಗೆ ಹುಡುಗರಿಗೆ ದೊಡ್ಡ ಸಾಹಸ. ಒಂದು ಬೇಸಿಗೆ ಬೆಳಗ್ಗೆ ಮಾವ ಹೆಗಲ ಮೇಲೆ ಬಿಳಿ ಪುಡಿಯ ಚೀಲ ಹೊತ್ತು ಹತ್ತಿದ್ರು. ಮೇಲೆ ಹೋಗಿ, ಮುಚ್ಚಳ ಸರಿಸಿ, ಚೀಲದ ಬಾಯಿ ಬಿಚ್ಚಿ ಪುಡೀನ ಹಾಗೇ ಒಳಗೆ ಸುರಿದ್ರು. ಗಾಳಿ ನನ್ನ ಕಡೆ ತಿರುಗಿತು. ಕಣ್ಣು ಉರಿ, ಮೂಗು ಉರಿ, ಗಂಟಲು ಯಾರೋ ಹಿಡಿದ ಹಾಗೆ. ಉಸಿರು ಎಳೆಯೋಕೆ ಹೋದರೆ ಒಳಗೆ ಹೋಗ್ತಿಲ್ಲ. ಮಾವ ಕೆಮ್ಮುತ್ತಲೇ ನನ್ನ ಅಂಗಿ ಹಿಡಿದು ಗಾಳಿ ಬರೋ ಕಡೆಗೆ ಎಳೆದ್ರು. ಅವರ ಮುಖಕ್ಕೆ ಇದ್ದದ್ದು ಒಂದು ಟವಲ್ಲು, ಅಷ್ಟೆ.

‘ನಿಮಗೇನೂ ಆಗಲ್ವಾ ಮಾವ?’ ಅಂತ ಕೇಳಿದ್ದೆ. ‘ಮೊದಮೊದಲು ಆಗ್ತಿತ್ತು ಕಣೋ. ಈಗ ವಾಸನೇನೇ ಗೊತ್ತಾಗಲ್ಲ’ ಅಂದ್ರು.

ಆ ಮಾತು ಆಗ ನನಗೆ ಗಟ್ಟಿತನದ ಗುರುತಾಗಿ ಕಂಡಿತ್ತು. ಅದು ಎಂಥ ಭಯದ ಮಾತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಈ ಎಪಿಸೋಡಿಗೆ ಓದೋಕೆ ಕೂತಾಗ.

ಆ ಪುಡಿ ಬ್ಲೀಚಿಂಗ್ ಪೌಡರ್. ಅದರೊಳಗೆ ಕಟ್ಟಿಹಾಕಿರೋದು ಕ್ಲೋರಿನ್. 1774ರಲ್ಲಿ ಸ್ವೀಡನ್ನಿನ ಷೀಲೆ ಈ ಅನಿಲವನ್ನ ಮೊದಲು ಬೇರ್ಪಡಿಸಿದ. 1810ರಲ್ಲಿ ಹಂಫ್ರಿ ಡೇವಿ ಇದೊಂದು ಮೂಲಧಾತು ಅಂತ ಹೇಳಿ, ಹಸಿರು ಹಳದಿ ಬಣ್ಣದ ಗ್ರೀಕ್ ಪದದಿಂದ ಹೆಸರಿಟ್ಟ. ನಡುವೆ 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಅದನ್ನ ಸುಣ್ಣಕ್ಕೆ ಹೀರಿಸಿ ಪುಡಿ ಮಾಡಿ ಪೇಟೆಂಟ್ ತಗೊಂಡ. ಅವನಿಗೆ ಬೇಕಿದ್ದದ್ದು ಬಟ್ಟೆ ಬೆಳ್ಳಗೆ ಮಾಡೋದು. ಕುಡಿಯೋ ನೀರಿಗೆ ಇದನ್ನ ಹಾಕೋ ಯೋಚನೆ ಬರೋಕೆ ಹೆಚ್ಚೂಕಡಿಮೆ ನೂರು ವರ್ಷ ಬೇಕಾಯ್ತು.

ಆ ನೂರು ವರ್ಷದ ಕೊನೆ ಭಾಗಕ್ಕೆ ನಮ್ಮ ದೇಶದ ನಂಟಿದೆ. ಕಾಲರಾ ಊರೂರು ಖಾಲಿ ಮಾಡ್ತಿದ್ದ ಕಾಲ. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಅನ್ನೋ ವಿಜ್ಞಾನಿ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿಸ್ತಿದ್ದ. 1903ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿ ವಿನ್ಸೆಂಟ್ ನೆಸ್‌ಫೀಲ್ಡ್ ಒಂದು ಲೇಖನ ಬರೆದ: ಕ್ಲೋರಿನ್ ಅನಿಲವನ್ನೇ ಒತ್ತಿ ದ್ರವ ಮಾಡಿ ಸಿಲಿಂಡರಿನಲ್ಲಿ ತುಂಬಿ ಕುಡಿಯೋ ನೀರಿಗೆ ಬಿಡಬಹುದು ಅಂತ. ಇವತ್ತು ದೊಡ್ಡ ನೀರಿನ ಘಟಕಗಳಲ್ಲಿ ನಡೀತಿರೋದು ಹೆಚ್ಚೂಕಡಿಮೆ ಅದೇ. 1910ರಲ್ಲಿ ಅಮೆರಿಕದ ಸೇನಾ ವೈದ್ಯ ಕಾರ್ಲ್ ಡಾರ್ನಲ್ ಅದನ್ನ ಕೆಲಸ ಮಾಡೋ ಯಂತ್ರವಾಗಿಸಿದ. ಪುಸ್ತಕಗಳಲ್ಲಿ ಹೆಸರು ಬರೋದು ಡಾರ್ನಲ್‌ದು. ನೆಸ್‌ಫೀಲ್ಡ್ ಅಡಿಟಿಪ್ಪಣಿಯಲ್ಲಿ ಉಳಿದ.

ನಡುವೆ 1908ರಲ್ಲಿ ಜೆರ್ಸಿ ಸಿಟಿಯಲ್ಲಿ ಡಾಕ್ಟರ್ ಜಾನ್ ಲೀಲ್ ಇಡೀ ನಗರದ ನೀರಿಗೆ ಬ್ಲೀಚಿಂಗ್ ಪುಡಿಯ ದ್ರಾವಣ ಸೇರಿಸೋಕೆ ಶುರು ಮಾಡಿದ, ಜನರನ್ನ ಒಂದು ಮಾತೂ ಕೇಳದೆ! ಕೋರ್ಟಲ್ಲಿ ನಿಂತು ಜವಾಬು ಹೇಳಬೇಕಾಯ್ತು, ಕೊನೆಗೆ ತೀರ್ಪು ಅವನ ಕ್ರಮವನ್ನ ಒಪ್ಪಿಕೊಳ್ತು. ಅಲ್ಲಿಂದ ಊರಿಂದ ಊರಿಗೆ ಹಬ್ಬಿತು, ಟೈಫಾಯಿಡ್ ಇಳೀತಾ ಹೋಯ್ತು. ಮನುಷ್ಯರ ಆಯುಷ್ಯ ಹೆಚ್ಚಿಸಿದ ಕೆಲಸಗಳ ಪಟ್ಟಿಯಲ್ಲಿ ಇದು ಮೇಲಿನ ಸಾಲಿನಲ್ಲೇ ಬರತ್ತೆ. ಕ್ಲೋರಿನ್ ಬೇಡ ಅಂತ ಹೇಳೋಕೆ ನಾನಿಲ್ಲಿ ಕೂತಿಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ನೀರು ಶುದ್ಧ ಆಗದಿದ್ದರೆ ಏನಾಗತ್ತೆ ಅನ್ನೋದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗಿಲ್ಲ.

ನಮ್ಮ ಪಕ್ಕದ ಕೆಜಿಎಫ್‌ಗೂ ಅದೇ ಕಾಲದಲ್ಲಿ ನೀರಿನ ಚಿಂತೆ. 1880ರಿಂದ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ, ಸಾವಿರಾರು ಕಾರ್ಮಿಕರು, ಒಣ ನೆಲ. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ನೀರು ಸೋಸಿ, ಪಂಪ್ ಮಾಡಿ ಚಿನ್ನದ ಊರಿಗೆ ತಂದರು. ಕೆಜಿಎಫ್ ಇತಿಹಾಸ ಅಂದರೆ ನಾವು ಚಾಂಪಿಯನ್ ರೀಫ್‌ನ 3 ಕಿಲೋಮೀಟರ್ ಆಳ, ಸೈನೈಡ್ ದಿಬ್ಬ, 2001ರಲ್ಲಿ ಬೀಗ ಬಿದ್ದದ್ದು, ಆಮೇಲೆ ಸಿನಿಮಾ ಅಂತ ಮಾತಾಡ್ತೀವಿ. ಪೈಪಿನ ಆ ತುದಿಯಲ್ಲಿ ಪಂಪ್ ಹೌಸಿನಲ್ಲಿ ನಿಂತಿದ್ದವರ ಬಗ್ಗೆ ಯಾರೂ ಸಿನಿಮಾ ಮಾಡಿಲ್ಲ. ಮಾಡೋದೂ ಇಲ್ಲ ಬಿಡಿ.

ಈಗ 1915ಕ್ಕೆ ಬರೋಣ. ಇದೇ ಕ್ಲೋರಿನ್, ಇನ್ನೊಂದು ಕೆಲಸಕ್ಕೆ.

ಏಪ್ರಿಲ್ 22ರ ಸಂಜೆ, ಬೆಲ್ಜಿಯಮ್ಮಿನ ಈಪ್ರ್ ಊರಿನ ಹತ್ತಿರ ಜರ್ಮನ್ ಸೇನೆ 5,730 ಸಿಲಿಂಡರುಗಳ ವಾಲ್ವ್ ತೆರೆಯಿತು. ಸುಮಾರು 150 ಟನ್ ಕ್ಲೋರಿನ್. ಯೋಜನೆ ಫ್ರಿಟ್ಸ್ ಹೇಬರ್‌ದು. ಗೊಬ್ಬರಕ್ಕೆ ಬೇಕಾದ ಅಮೋನಿಯಾವನ್ನ ಗಾಳಿಯಲ್ಲಿರೋ ಸಾರಜನಕದಿಂದ ಮಾಡೋ ದಾರಿ ಕಂಡುಹಿಡಿದ ಅದೇ ಹೇಬರ್. ಅವನ ಕಥೆ, ಅವನ ಹೆಂಡತಿ ಕ್ಲಾರಾ ಕಥೆ ನೀವು ಯೂಟ್ಯೂಬಲ್ಲಿ ನೋಡಿರ್ತೀರಿ, ಇಲ್ಲಿ ಬೇಡ. ನಾಲ್ಕು ದಿನ ಆದ್ಮೇಲೆ ಅದೇ ರಣರಂಗಕ್ಕೆ ನಮ್ಮ ಲಾಹೋರ್ ಡಿವಿಷನ್ನಿನ ಸೈನಿಕರನ್ನ ನುಗ್ಗಿಸಿದ್ರು. ಅವರ ಮೇಲೂ ಗ್ಯಾಸ್ ಬಂತು. ಜಮಾದಾರ್ ಮೀರ್ ದಸ್ತ್ ಅನ್ನೋವ್ರು ಆ ದಿನ ಗಾಯಗೊಂಡವರನ್ನ ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಪಡೆದರು, ಜೊತೆಗೆ ಗ್ಯಾಸನ್ನೂ ಕುಡಿದರು.

ಇಲ್ಲಿ ಒಂದು ಲೆಕ್ಕ ಮಾಡಿ. ಈಪ್ರ್‌ನಲ್ಲಿದ್ದ ದೊಡ್ಡ ಸಿಲಿಂಡರಿನಲ್ಲಿ ಇದ್ದದ್ದು 40 ಕೆಜಿ ಕ್ಲೋರಿನ್. ಇವತ್ತು ನಮ್ಮ ನೀರು ಶುದ್ಧೀಕರಣ ಘಟಕಗಳಲ್ಲಿ ಉರುಳೆಯಂತೆ ಅಡ್ಡ ಮಲಗಿಸಿರೋ ಹಳದಿ ಡ್ರಮ್ಮಿನಂಥದ್ದನ್ನ ‘ಟನ್ನರ್’ ಅಂತಾರೆ. ಒಂದರಲ್ಲಿ ಸುಮಾರು 900 ಕೆಜಿ. ಅಂದರೆ ಒಂದೇ ಒಂದು ಟನ್ನರ್‌ನಲ್ಲಿ ಈಪ್ರ್‌ನ 22 ದೊಡ್ಡ ಸಿಲಿಂಡರ್ ಇದೆ. ಅದನ್ನ ರಾತ್ರಿ ಪಾಳಿಯಲ್ಲಿ ಕಾಯೋದು ಹಲವು ಕಡೆ ಗುತ್ತಿಗೆ ನೌಕರರು.

ಈಪ್ರ್‌ನ ಮೊದಲ ವಾರಗಳಲ್ಲಿ ಸೈನಿಕರು ಸತ್ತು ಸತ್ತು ಕಲಿತದ್ದೇನು ಅಂತ ನೋಡಿ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ನೀರಿನ ಹಾಗೆ ತಗ್ಗಿಗೆ ಹರಿಯುತ್ತೆ. ಕಂದಕದ ತಳದಲ್ಲಿ ಮಲಗಿದವರಿಗಿಂತ ಕಟ್ಟೆ ಮೇಲೆ ನಿಂತವರಿಗೆ ಕಡಿಮೆ ಏಟು. ಗಾಳಿ ಹೋಗೋ ದಿಕ್ಕಿಗೇ ಓಡಿದವರು ಮೋಡದ ಜೊತೆಗೇ ಓಡಿದ ಹಾಗಾಗಿ ಹೆಚ್ಚು ಕುಡಿದರು. ಇನ್ನು ಬಟ್ಟೆ. ಲಂಡನ್ನಿನ ಒಂದು ಪತ್ರಿಕೆ ಹತ್ತಿಯ ಪ್ಯಾಡ್ ಹೊಲಿದು ಕಳಿಸಿ ಅಂತ ಕರೆ ಕೊಟ್ಟಿತು, ಹೆಂಗಸರು ರಾಶಿ ರಾಶಿ ಹೊಲಿದು ಕೊಟ್ರು. ಒಣಗಿದ್ದರೆ ಅದು ಕ್ಲೋರಿನ್ ತಡೆಯೋದಿಲ್ಲ, ಒದ್ದೆಯಾದರೆ ಉಸಿರು ಬಿಡೋಕಾಗಲ್ಲ. ಗಣಿಗಳ ಕೆಟ್ಟ ಗಾಳಿಯ ಬಗ್ಗೆ ಜೀವನವಿಡೀ ಕೆಲಸ ಮಾಡಿದ್ದ ಜೆ.ಎಸ್. ಹಾಲ್ಡೇನ್ ಅವರನ್ನ ಕರೆಸಿದ್ರು. ಗಣಿಯೊಳಗೆ ಕ್ಯಾನರಿ ಹಕ್ಕಿ ಒಯ್ಯಿರಿ ಅಂತ ಹೇಳಿದ್ದು ಅವರೇ. ಮೇ ತಿಂಗಳಲ್ಲೇ ರಾಸಾಯನಿಕದಲ್ಲಿ ನೆನೆಸಿದ ಮುಖಪಟ್ಟಿ ಸೈನಿಕರ ಕೈಗೆ ಬಂತು. ಅದರಲ್ಲಿದ್ದ ಮುಖ್ಯ ವಸ್ತು ಸೋಡಿಯಂ ಥಯೋಸಲ್ಫೇಟ್, ಫೋಟೊ ಸ್ಟುಡಿಯೋದವರು ‘ಹೈಪೊ’ ಅಂತಿದ್ದದ್ದು. ಮನೇಲಿ ಅಕ್ವೇರಿಯಂ ಇಟ್ಟಿದ್ದೀರಾ? ನಲ್ಲಿ ನೀರು ಹಾಕಿದಾಗ ಮೀನು ಸಾಯಬಾರದು ಅಂತ ‘ಆಂಟಿ ಕ್ಲೋರಿನ್’ ಹನಿ ಬಿಡ್ತೀರಲ್ಲ, ಅದರಲ್ಲಿರೋದು ಹೆಚ್ಚಾಗಿ ಇದೇ.

ಸೈನಿಕನಿಗೆ ವಾರಗಳಲ್ಲಿ ಮಾಸ್ಕ್ ಬಂತು. ನಮ್ಮ ಮೀನಿಗೂ ಹನಿ ಬಂತು. ಮಾವನಿಗೆ ಟವಲ್ಲು.

ನನಗೆ ಈ ಇತಿಹಾಸದಲ್ಲಿ ಚುಚ್ಚೋದು ಇದೇ. ಕ್ಲೋರಿನ್ ಬಗ್ಗೆ ನಾವು ಎರಡು ಕಥೆ ಹೇಳ್ಕೊಳ್ತೀವಿ. ಒಂದು ಯುದ್ಧದ್ದು, ಇನ್ನೊಂದು ಶುದ್ಧ ನೀರಿನದು. ದಿನಾ ಬೆಳಗ್ಗೆ ಆ ವಾಲ್ವ್ ತೆರೆಯೋ, ಆ ಚೀಲ ಬಿಚ್ಚೋ ಮನುಷ್ಯ ಎರಡರಲ್ಲೂ ಇಲ್ಲ. ಅವನಿಗೆ ಬೇಕಾದ ಅಷ್ಟೂ ತಿಳಿವಳಿಕೆ 1915ರ ಬೇಸಿಗೆಯ ಹೊತ್ತಿಗೇ ಸಿದ್ಧ ಇತ್ತು. ಅದು ಟ್ಯಾಂಕಿನ ಏಣಿ ಹತ್ತಲೇ ಇಲ್ಲ.

‘ವಾಸನೇನೇ ಗೊತ್ತಾಗಲ್ಲ’ ಅನ್ನೋ ಮಾತಿಗೆ ಬರ್ತೀನಿ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಕ್ಲೋರಿನ್ ಇದ್ದರೂ ಹೊಸಬರ ಮೂಗಿಗೆ ಗೊತ್ತಾಗತ್ತೆ. ಹತ್ತು ಪಾಲು ಆಯ್ತು ಅಂದರೆ ಅಲ್ಲಿ ಮಾಸ್ಕ್ ಇಲ್ಲದೆ ನಿಲ್ಲೋದು ಜೀವಕ್ಕೇ ಅಪಾಯ. ದಿನಾ ಕುಡಿದೂ ಕುಡಿದೂ ಮೂಗು ಮೊಂಡಾಗಿಬಿಡತ್ತೆ. ಆಗ ಅಪಾಯದ ಗಂಟೆ ಬಾರಿಸೋ ಒಂದೇ ಸಾಧನ ಕೆಟ್ಟುಹೋದ ಹಾಗೆ. ಇನ್ನೊಂದು ಮೋಸ ಇದೆ. ಜೋರಾಗಿ ಕುಡಿದವನು ಹೊರಗೆ ಬಂದು, ಕೆಮ್ಮಿ, ಸ್ವಲ್ಪ ಸುಧಾರಿಸಿಕೊಂಡು ‘ನಂಗೇನಾಗಿಲ್ಲ’ ಅಂತ ಮನೆಗೆ ಹೋಗ್ತಾನೆ. ಗಂಟೆಗಳಾದ ಮೇಲೆ ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದಕ್ಕೇ ಗ್ಯಾಸ್ ಕುಡಿದವರನ್ನ ಮನೆಗೆ ಬಿಡಬಾರದು, ಆಸ್ಪತ್ರೆಗೆ ಕರ್ಕೊಂಡು ಹೋಗಿ ಕೂರಿಸಬೇಕು.

ಕೆಲವು ವರ್ಷದ ಹಿಂದೆ ಒಂದು ಶುದ್ಧೀಕರಣ ಘಟಕ ನೋಡೋಕೆ ಹೋಗಿದ್ದೆ. ಯಾವ ಊರು ಅಂತ ಹೇಳಲ್ಲ, ಅಲ್ಲಿನ ಹುಡುಗರಿಗೆ ತೊಂದರೆ ಆಗೋದು ಬೇಡ. ಟನ್ನರ್ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇತ್ತು, ಸೂರಿನ ಹತ್ತಿರ. ಕ್ಲೋರಿನ್ ಸೂರಿಗೆ ಹೋಗಲ್ಲ, ನೆಲದ ಮೇಲೆ ಹಾಸಿಕೊಳ್ಳತ್ತೆ. ಫ್ಯಾನು ನೆಲದ ಮಟ್ಟದಲ್ಲಿರಬೇಕು, ಸ್ವಿಚ್ಚು ಬಾಗಿಲ ಹೊರಗಿರಬೇಕು. ಉಸಿರಾಟದ ಸಿಲಿಂಡರ್ ಸಮೇತದ ಮಾಸ್ಕ್ ಎಲ್ಲಿ ಅಂದೆ. ‘ಇದೆ ಸರ್, ಆಫೀಸ್ ಬೀರುವಿನಲ್ಲಿ’ ಅಂದ್ರು. ಬೀಗದ ಕೈ ಸಾಹೇಬರ ಹತ್ತಿರ, ಸಾಹೇಬರು ಅವತ್ತು ಮೀಟಿಂಗಿಗೆ ಹೋಗಿದ್ರು. ಅದೇ ಬಾಗಿಲ ಪಕ್ಕ ಒಂದು ಪುಟ್ಟ ಬಾಟಲಿ ಅಮೋನಿಯಾ ಮಾತ್ರ ಕೈಗೆ ಸಿಗೋ ಹಾಗೆ ಇಟ್ಟಿದ್ರು, ಅದು ಮೆಚ್ಚಬೇಕಾದ್ದೇ. ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನ ಕೋಲಿಗೆ ಕಟ್ಟಿ ಜಾಯಿಂಟ್ ಹತ್ತಿರ ಹಿಡಿದರೆ, ಸೋರಿಕೆ ಇರೋ ಕಡೆ ಬಿಳಿ ಹೊಗೆ ಏಳತ್ತೆ. ಕಣ್ಣಿಗೆ ಕಾಣದ ಸೋರಿಕೆ ಹಿಡಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಅಲ್ಲಿದ್ದ ಒಬ್ಬ ಹುಡುಗನನ್ನ ಕೇಳಿದೆ: ಸೋರಿದರೆ ಏನ್ ಮಾಡ್ತೀಯಪ್ಪ? ‘ಪೈಪಲ್ಲಿ ನೀರು ಹೊಡೀತೀವಣ್ಣ.’ ಬೆಂಕಿಗೆ ನೀರು ಹಾಕೋ ಅಭ್ಯಾಸ ನಮಗೆಲ್ಲ, ಹಾಗಾಗಿ ಹಾಗೆ ಅನ್ನಿಸೋದು ಸಹಜ. ಆದರೆ ತೂತಿನ ಮೇಲೆ ನೀರು ಬಿದ್ದರೆ ಕ್ಲೋರಿನ್ ಜೊತೆ ಸೇರಿ ಆಸಿಡ್ ಆಗತ್ತೆ. ಆಸಿಡ್ ಕಬ್ಬಿಣವನ್ನ ತಿಂದು ತೂತನ್ನ ದೊಡ್ಡದು ಮಾಡತ್ತೆ. ಕಲಿತವರು ಮಾಡೋದು ಬೇರೆ. ಟನ್ನರ್ ಒಳಗೆ ತಳದಲ್ಲಿ ದ್ರವ, ಮೇಲೆ ಅನಿಲ ಇರತ್ತೆ. ತೂತು ಕೆಳಗಿದ್ದರೆ ದ್ರವವೇ ಹೊರಗೆ ಬರತ್ತೆ, ಒಂದು ಲೀಟರ್ ದ್ರವ ಹಿಗ್ಗಿ ಸುಮಾರು 450 ಲೀಟರ್ ಅನಿಲವಾಗತ್ತೆ. ಅದಕ್ಕೇ ಟನ್ನರನ್ನ ಉರುಳಿಸಿ ತೂತನ್ನ ಮೇಲಕ್ಕೆ ತರ್ತಾರೆ. ಇದನ್ನ ಮಾಡಬೇಕಾದವರು ಉಸಿರಾಟದ ಸಿಲಿಂಡರ್ ಹಾಕ್ಕೊಂಡ, ತರಬೇತಾದ ಇಬ್ಬರು. ಉಳಿದವರ ಕೆಲಸ ಒಂದೇ, ಗಾಳಿ ಬರೋ ದಿಕ್ಕಿಗೆ, ಎತ್ತರದ ಕಡೆಗೆ ಹೋಗೋದು. ಓಡುವಾಗ ಮೂಗಿಗೆ ಒದ್ದೆ ಬಟ್ಟೆ ಸಿಕ್ಕರೆ ಒಳ್ಳೆಯದೇ. ಅದನ್ನ ಕಟ್ಟಿಕೊಂಡು ಅಲ್ಲೇ ನಿಂತು ಕೆಲಸ ಮಾಡೋಕಾಗಲ್ಲ.

ಖಾಲಿ ಅಂತ ಬಿಸಾಡಿದ ಸಿಲಿಂಡರೂ ಸುಮ್ಮನಿರಲ್ಲ. 2024ರ ಜೂನ್‌ನಲ್ಲಿ ಮೈಸೂರಿನ ಹಳೇ ಕೆಸರೆಯಲ್ಲಿ ಗುಜರಿ ಸೇರಿದ್ದ ಕ್ಲೋರಿನ್ ಸಿಲಿಂಡರಿನಿಂದ ಗ್ಯಾಸ್ ಸೋರಿ ಅಕ್ಕಪಕ್ಕದ ಮನೆಗಳ ಹತ್ತಾರು ಜನ ಆಸ್ಪತ್ರೆ ಸೇರಿದರು. 2010ರ ಜುಲೈನಲ್ಲಿ ಮುಂಬೈನ ಶಿವಡಿಯಲ್ಲಿ, ವರ್ಷಗಟ್ಟಲೆ ಯಾರೂ ಕೇಳದೆ ತುಕ್ಕು ಹಿಡಿದು ಬಿದ್ದಿದ್ದ ಸಿಲಿಂಡರ್ ಸೋರಿ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 2022ರ ಜೂನ್‌ನಲ್ಲಿ ಜೋರ್ಡಾನ್‌ನ ಅಕಬಾ ಬಂದರಿನಲ್ಲಿ ಕ್ರೇನಿನಿಂದ ಕ್ಲೋರಿನ್ ಟ್ಯಾಂಕ್ ಹಡಗಿನ ಮೇಲೆ ಬಿದ್ದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಹಳದಿ ಮೋಡ ನೆಲಕ್ಕೆ ಅಂಟಿಕೊಂಡೇ ಹರಡೋದು ಅದರಲ್ಲಿ ಚೆನ್ನಾಗಿ ಕಾಣತ್ತೆ. 13 ಜನ ಸತ್ತರು.

ಕಾನೂನು ಇಲ್ವಾ ಅಂತ ಕೇಳ್ತೀರಿ. ಇದೆ. ಭೋಪಾಲ್ ಆದ್ಮೇಲೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಕ್ಲೋರಿನ್ ಹೆಸರು ಅದರ ಪಟ್ಟಿಯಲ್ಲಿದೆ. ಆದರೆ ಅದರ ಬಿಗಿಯಾದ ಕಟ್ಟಳೆಗಳು ಅನ್ವಯ ಆಗೋಕೆ ದಾಸ್ತಾನು 10 ಟನ್ ಮುಟ್ಟಬೇಕು. ಎರಡು ಮೂರು ಟನ್ನರ್ ಇಟ್ಟುಕೊಂಡ ಪಟ್ಟಣದ ನೀರಿನ ಘಟಕ ಆ ಗೆರೆಯ ಕೆಳಗೇ ಉಳಿಯತ್ತೆ. ಸಿಲಿಂಡರಿಗೆ ಅಂತ ಬೇರೆ ನಿಯಮ ಇದೆ, ಅದು ನೋಡೋದು ಹೆಚ್ಚಾಗಿ ಸಿಲಿಂಡರನ್ನ. ಬ್ಲೀಚಿಂಗ್ ಪೌಡರ್ ಚೀಲ ಹೊತ್ತು ಏಣಿ ಹತ್ತೋನು ಇವೆರಡರ ಕಣ್ಣಿಗೂ ಬೀಳಲ್ಲ.

ನಮ್ಮ ಕಡೆ ಈಗ ನೀರಿನ ಕೆಲಸ ಹೆಚ್ಚಾಗ್ತಿದೆ. ಬಂಗಾರಪೇಟೆ ತಾಲ್ಲೂಕಿನ ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಕೋಲಾರ, ಮಾಲೂರು, ಬಂಗಾರಪೇಟೆಗೆ ಅದರ ನೀರು. 2019ರಿಂದ ಜಲ ಜೀವನ್ ಮಿಷನ್‌ನಲ್ಲಿ ಮನೆ ಮನೆಗೆ ನಲ್ಲಿ. ಇಷ್ಟೂ ನೀರಿಗೆ ಯಾರೋ ಒಬ್ಬರು ಕ್ಲೋರಿನ್ ಹಾಕಲೇಬೇಕು. ನಲ್ಲಿ ತುದಿಯಲ್ಲಿ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನೋದು ನಮ್ಮ ಮಾನದಂಡ.

ಈಗ ನಮ್ಮ ಹಳ್ಳಿಯ ನೀರುಗಂಟಿ ಮಾವನ ನಂತರ ಬಂದ ಹುಡುಗ, ನನಗಿಂತ ಚಿಕ್ಕವನು. ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ಅವನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಪುಡೀನ ಒಣಗಿದ್ದು ಹಾಗೇ ಟ್ಯಾಂಕಿಗೆ ಸುರಿಯಬೇಡ. ಒಳ್ಳೆ ಪುಡಿ ಆದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು ಅಂತ ವೈದ್ಯಕೀಯ ಪುಸ್ತಕಗಳ ಲೆಕ್ಕ. ಕೆಳಗೇ, ಬಯಲಲ್ಲಿ, ಪ್ಲಾಸ್ಟಿಕ್ ಬಕೆಟಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡು, ಆಮೇಲೆ ಇನ್ನಷ್ಟು ನೀರು ಸೇರಿಸಿ ಸುಣ್ಣ ತಳಕ್ಕೆ ಇಳಿಯೋಕೆ ಬಿಡು, ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ. ಟ್ಯಾಂಕ್ ತೊಳೆಯುವಾಗ ಟಾಯ್ಲೆಟ್ ಕ್ಲೀನರ್, ಆಸಿಡ್ ಯಾವುದನ್ನೂ ಇದರ ಜೊತೆ ಸೇರಿಸಬೇಡ, ಆ ಕ್ಷಣವೇ ಕ್ಲೋರಿನ್ ಗ್ಯಾಸ್ ಏಳತ್ತೆ. ಬಚ್ಚಲು ತೊಳೆಯೋ ನೀವೂ ಇದನ್ನ ಕೇಳಿಸ್ಕೊಳ್ಳಿ. ಹಾಗೆ ಎದ್ದ ಗ್ಯಾಸು ಸಂಪಿನೊಳಗೆ, ವಾಲ್ವ್ ಗುಂಡಿಯೊಳಗೆ ನಿಂತಿದ್ದರೆ ಇಳಿದವನು ಹತ್ತೋದು ಕಷ್ಟ.

‘ಅಣ್ಣ, ಕೊರೊನಾ ಟೈಮಿಂದು ಮಾಸ್ಕ್ ಇದೆಯಲ್ಲ, ಅದು ಆಗತ್ತಾ?’ ಅಂದ. ಪುಡಿಯ ದೂಳು ಸ್ವಲ್ಪ ತಡೆಯಬಹುದು, ಗ್ಯಾಸ್ ತಡೆಯಲ್ಲ. ಕ್ಲೋರಿನ್‌ಗೆ ಅಂತಲೇ ಬರೋ ಕಾರ್ಟ್‌ರಿಜ್ ಇರೋ ಮಾಸ್ಕ್ ಬೇಕು, ಜೊತೆಗೆ ಕಣ್ಣಿಗೆ ಮುಚ್ಚಿದ ಕನ್ನಡಕ, ರಬ್ಬರ್ ಗ್ಲೌಸ್. ಅದೂ ಪುಡಿ ಕಲಸೋ ಕೆಲಸಕ್ಕೆ ಮಾತ್ರ, ಟನ್ನರ್ ಸೋರಿಕೆಗೆ ಅದು ಸಾಲದು ಅಂದೆ. ಫೋನಲ್ಲೇ ಇಬ್ಬರೂ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದೆವು. ಬೆಲೆ ನೋಡಿ ಅವನು ಸುಮ್ಮನಾದ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟನಂತೆ. ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿಸೋಣ ಅಂದ್ರಂತೆ. ಅರ್ಜಿಗೆ ಸ್ವೀಕೃತಿ ತಗೊಂಡ್ಯಾ ಅಂದೆ. ತಗೊಂಡಿಲ್ಲ. ಸೋಮವಾರ ಹೋಗಿ ಸೀಲ್ ಹಾಕಿಸ್ಕೊಂಡು ಬರ್ತೀನಿ ಅಂದಿದ್ದಾನೆ.